ಬತ್ಕೆನ್‌ಗೆ ಖಾಲಿ ಹೋಗುವ ವ್ಯಾನು

"ಏಳು ಜನ ಹೆಂಗಸರು, ಜೊತೆಗೊಂದು ತೊಟ್ಟಿಲು, ಅಲ್ಲಿ ಎರಡು ದಿನ ಕಾಯೋದು, ಆಮೇಲೆ ವಾಪಸ್ಸು. ನಲವತ್ತೆಂಟು ಸಾವಿರ ಸೋಮ್. ನೀವು ಅಂತ ಹೇಳ್ತಿದ್ದೀನಿ ಬುರುಲಕ್ಕ, ಬೇರೆಯವರಾಗಿದ್ರೆ ಐವತ್ತಕ್ಕೆ ಕಮ್ಮಿ ಬಾಯೇ ಬಿಡ್ತಿರಲಿಲ್ಲ."

ಮಕ್ಸೂತ್ ತನ್ನ ಬಿಳಿ ವ್ಯಾನಿನ ಬಾಗಿಲಿಗೆ ಒರಗಿಕೊಂಡು, ಸೂರ್ಯಕಾಂತಿ ಬೀಜ ಮೆಲ್ಲುತ್ತಾ, ಸಿಪ್ಪೆ ಉಗಿಯುತ್ತಾ ಈ ಮಾತು ಹೇಳಿದ. ನಾರಿನ್ ಪೇಟೆಯ ಪಕ್ಕದ ಆ ಬಯಲಿನಲ್ಲಿ ಬಾಡಿಗೆ ಗಾಡಿಯವರೆಲ್ಲ ಹೀಗೆಯೇ ಒರಗಿಕೊಂಡು ನಿಂತಿರುತ್ತಾರೆ. ಅವರಿಗೆ ಅವಸರವಿಲ್ಲ. ಅವಸರವೆಲ್ಲ ಕೇಳಿಕೊಂಡು ಬಂದವರದು.

ಬುರುಲ್ ಮೂವತ್ತು ವರ್ಷ ವಸತಿಶಾಲೆಯ ಅಡುಗೆಮನೆ ನಡೆಸಿದವಳು. ಎಲೆಕೋಸಿನ ಮೂಟೆಗೂ ಕುರಿಯ ತೊಡೆಗೂ ಚೌಕಾಸಿ ಮಾಡಿ ಮಾಡಿ ಅವಳ ಗಂಟಲು ಪಳಗಿತ್ತು. ಆದರೆ ಚೌಕಾಸಿ ಮಾಡಲೂ ಕಾಲೂರಲು ಒಂದಿಷ್ಟು ನೆಲ ಬೇಕಲ್ಲ. ಏಳು ಮನೆಗಳಿಂದ ಕೂಡಿಸಿ ಅವಳ ಕೈಚೀಲದಲ್ಲಿದ್ದದ್ದು ಇಪ್ಪತ್ತೆರಡು ಸಾವಿರ.

"ಬರೋ ದಾರಿಗೂ ಅಷ್ಟೇ ಹಾಕ್ತಿದ್ದೀಯಲ್ಲೋ!"

"ಬತ್ಕೆನ್‌ನಿಂದ ನಾರಿನ್‌ಗೆ ಯಾರಕ್ಕ ಬರ್ತಾರೆ? ನಿಮ್ಮನ್ನ ಇಳಿಸಿ ಖಾಲಿ ಬಂದ್ರೂ ಗಾಡಿ ಡೀಸೆಲ್ ಕುಡಿಯತ್ತೆ. ಕಾದ್ರೆ ನನ್ನ ಹೊಟ್ಟೆ ಕೇಳತ್ತೆ. ಚಿಕ್ಕ ಕಾರು ತಗೊಳ್ಳಿ, ನಾಲ್ಕು ಜನ ಹೋಗಿ, ನನ್ನ ಭಾವಮೈದನಿಗೆ ಹೇಳಿ ಇಪ್ಪತ್ತೆಂಟಕ್ಕೆ ಮಾಡಿಸ್ತೀನಿ."

"ನಾಲ್ಕೇ ಜನ ಹೋಗೋಣ ಬಿಡೇ," ಅಂದಳು ಜಿಪಾರ್. ಅವಳು ಬುರುಲಳ ಓರಗಿತ್ತಿ. ಮೈ ಭಾರಿ, ನಾಲಿಗೆ ಅದಕ್ಕಿಂತ ಭಾರಿ. "ನಾನು ಬೇಕಾದ್ರೆ ಉಳ್ಕೋತೀನಿ. ನನ್ನ ಸೊಂಟಕ್ಕೂ ಒಳ್ಳೇದು, ಕಾರಿನ ಚಕ್ರಕ್ಕೂ ಒಳ್ಳೇದು."

"ಏಳು ಜನ ಅಂದ್ರೆ ಏಳು ಜನ," ಅಂದಳು ಬುರುಲ್. "ಒಬ್ಬಳು ಕಮ್ಮಿಯಾದ್ರೂ ನಾನು ಹೋಗಲ್ಲ. ಹೋಗದೆಯೂ ಇರಲ್ಲ."

ಈ ಏಳರ ಹಟಕ್ಕೆ ಕಾರಣವಿತ್ತು. ಅವಳ ಮಗಳು ಐಜಿರೆಕ್ ರಾಜಧಾನಿಯ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಪಕ್ಕದ ಮೆಷಿನ್ನಿನಲ್ಲಿ ಕೂತು ಕಾಲರು ಹೊಲಿಯುತ್ತಿದ್ದ ಬತ್ಕೆನ್ ಹುಡುಗನನ್ನು ಮೆಚ್ಚಿ ಮದುವೆಯಾದಳು. ಹುಡುಗ ಒಳ್ಳೆಯವನೇ. ಊರು ಮಾತ್ರ ದೇಶದ ಆ ಕೊನೆ. ಎರಡು ವರ್ಷದ ಹಿಂದೆ ಮದುವೆಗೆ ಹೋಗಲು ಆದದ್ದು ಬುರುಲ್ ಮತ್ತು ಅವಳ ಗಂಡನಿಗಷ್ಟೇ, ಅದೂ ಸೀಟಿನ ಲೆಕ್ಕದಲ್ಲಿ ಮೂರು ಟ್ಯಾಕ್ಸಿ ಬದಲಾಯಿಸಿಕೊಂಡು. ಊಟಕ್ಕೆ ಕೂತಾಗ ಬೀಗರ ಕಡೆಯ ಅತ್ತೆಯೊಬ್ಬಳು, ಹೆಸರು ಶಾರಾಪತ್, ತುಂಬಿದ ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದಿದ್ದಳು: "ಈ ಹುಡುಗಿಗೆ ಜನ ಅನ್ನೋರು ಇಷ್ಟೇನಾ?" ಮಗಳು ತಲೆ ಎತ್ತಲಿಲ್ಲ. ಬುರುಲ್ ಆ ಅನ್ನವನ್ನು ಹೇಗೆ ನುಂಗಿದಳೋ ಅವಳಿಗೇ ಗೊತ್ತು.

ಈಗ ಮಗಳಿಗೆ ಮೊದಲ ಮಗು. ಚೊಚ್ಚಲ ಮಗುವಿನ ತೊಟ್ಟಿಲನ್ನು ತಾಯಿಯ ತವರಿನವರೇ ಹೊತ್ತುಕೊಂಡು ಹೋಗಬೇಕು. ಅಜ್ಜಿಯೇ ಮಗುವನ್ನು ಅದರಲ್ಲಿ ಮಲಗಿಸಿ ಪಟ್ಟಿ ಕಟ್ಟಬೇಕು. ಕೆಂಪು ಬಣ್ಣ ಬಳಿದ ತೊಟ್ಟಿಲು ಮನೆಯಲ್ಲಿ ಸಿದ್ಧವಾಗಿ ಕೂತಿತ್ತು, ಏಳು ಹತ್ತಿಯ ಹಾಸಿಗೆಗಳೂ ಹೊಲಿದು ಮುಗಿದಿದ್ದವು. ಶಾಸ್ತ್ರ ಭಾನುವಾರ. ಇವತ್ತು ಗುರುವಾರ. ಗಂಡ ಕುರಿ ಕುದುರೆಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿದ್ದ. "ನಿನಗೆ ಸರಿ ಕಂಡ ಹಾಗೆ ಮಾಡು" ಎಂದು ಫೋನಿನಲ್ಲಿ ಹೇಳಿ ಅವನು ಕೈ ತೊಳೆದುಕೊಂಡಿದ್ದ.

ಬೆಳಿಗ್ಗೆ ಮಗಳೇ ಫೋನು ಮಾಡಿದ್ದಳು. "ಅಮ್ಮಾ, ನೀನೊಬ್ಬಳೇ ಬಂದ್ರೂ ಸಾಕು. ತೊಟ್ಟಿಲು ಇಲ್ಲೂ ಸಿಗತ್ತಂತೆ."

"ಇನ್ನೊಂದು ಸಲ ಆ ಮಾತು ಆಡಿದ್ರೆ ನೋಡು," ಎಂದು ಬುರುಲ್ ಫೋನು ಇಟ್ಟಿದ್ದಳು.

ಮಕ್ಸೂತನನ್ನು ಅವನ ಬೀಜದ ಸಿಪ್ಪೆಯ ಜೊತೆ ಬಿಟ್ಟು ಇಬ್ಬರೂ ಪೇಟೆಯೊಳಗೆ ನಡೆದರು. ಹಣ್ಣಿನ ಸಾಲಿನ ತುದಿಗೆ ಬಂದಾಗ ಬುರುಲ್ ತಟ್ಟನೆ ನಿಂತಳು. ಅಲ್ಲೊಂದು ನೀಲಿ ವ್ಯಾನು ಬೆನ್ನು ತೆರೆದುಕೊಂಡು ನಿಂತಿತ್ತು. ಒಳಗೆ ಏಪ್ರಿಕಾಟ್ ಹಣ್ಣಿನ ಪೆಟ್ಟಿಗೆಗಳು. ಜಿಪಾರ್ ಹಣ್ಣು ನೋಡಿದಳು, ಬುರುಲ್ ನಂಬರು ನೋಡಿದಳು. ಬತ್ಕೆನ್ ನಂಬರು.

"ಜಿಪಾರ್, ಇದು ಹಣ್ಣು ಇಳಿಸಿ ಹೇಗೆ ವಾಪಸ್ಸು ಹೋಗತ್ತೆ?"

"ಹೇಗೆ ಅಂದ್ರೆ? ಚಕ್ರದ ಮೇಲೆ."

"ಖಾಲಿ ಹೋಗತ್ತೆ ಕಣೇ! ಆಲೂಗಡ್ಡೆ ಕೀಳೋಕೆ ಇನ್ನೂ ಎರಡು ತಿಂಗಳಿದೆ. ಇಲ್ಲಿಂದ ತಗೊಂಡು ಹೋಗೋಕೆ ಅವನಿಗೆ ಏನಿದೆ?"

ವ್ಯಾನಿನವನು ನಲವತ್ತರ ಹತ್ತಿರದ ಮನುಷ್ಯ, ಬಿಸಿಲಿಗೆ ಸುಟ್ಟ ಮುಖ, ಹೆಸರು ಎರ್ಗೆಶ್. ಬುರುಲ್ ಮೊದಲು ಒಂದು ಕಿಲೋ ಹಣ್ಣು ತೂಗಿಸಿದಳು. ಆಮೇಲೆ ಯಾವಾಗ ಹೊರಡುತ್ತೀಯ ಎಂದಳು. ಮೂವತ್ತು ಪೆಟ್ಟಿಗೆ ಉಳಿದಿದೆ, ಮುಗಿದರೆ ಶನಿವಾರ, ಇಲ್ಲದಿದ್ದರೆ ಭಾನುವಾರ ಎಂದನವನು. ಸೀಟು? ಹಿಂದಿನ ಸಾಲು ಕಿತ್ತು ಮನೆಯಲ್ಲಿಟ್ಟಿದ್ದೇನೆ, ಮುಂದಿನ ಸಾಲುಗಳಲ್ಲಿ ಆರು ಜನ ಕೂರಬಹುದು ಎಂದ.

"ಏಳನೆಯವಳು ಹಾಸಿಗೆ ಮೇಲೆ ಕೂತ್ಕೋತಾಳೆ," ಅಂದಳು ಬುರುಲ್.

"ಆ ಏಳನೆಯವಳು ಯಾರು ಅಂತ ನನಗೆ ಈಗಲೇ ಗೊತ್ತಾಯ್ತು," ಅಂದಳು ಜಿಪಾರ್.

"ಎಷ್ಟು ಕೊಡ್ತೀರಕ್ಕ?"

"ಹೋಗೋಕೆ ಡೀಸೆಲ್ ನಂದು. ಮೇಲೆ ಮೂರು ಸಾವಿರ. ಬರೋದು ಬೇಡ. ಆದ್ರೆ ಭಾನುವಾರದ ಹೊತ್ತಿಗೆ ನಾವು ಅಲ್ಲಿರಬೇಕು, ಬೇಗ ಹೊರಡು."

ಜಿಪಾರ್ ಹಣ್ಣು ಬಾಯಿಗಿಡುತ್ತಿದ್ದವಳು ನಿಂತಳು. "ಬರೋದು ಬೇಡವಾ? ಅಲ್ಲೇ ಇದ್ದು ಬಿಡೋದಾ?"

"ಸೀಟು ಲೆಕ್ಕದ ಟ್ಯಾಕ್ಸಿಲಿ ಒಬ್ಬೊಬ್ಬರೇ ಬರೋಣ, ಇಬ್ಬಿಬ್ಬರೇ ಬರೋಣ. ನಾವು ಇಳಿಯೋದನ್ನ ಊರು ನೋಡತ್ತೆ ಕಣೇ. ಹತ್ತೋದನ್ನ ಯಾರು ನಿಂತು ನೋಡ್ತಾರೆ?"

ಎರ್ಗೆಶ್ ನಕ್ಕ. ನಕ್ಕರೂ ವ್ಯಾಪಾರಿ ವ್ಯಾಪಾರಿಯೇ. "ಡೀಸೆಲ್ ಮೇಲೆ ಹದಿನೆಂಟು ಸಾವಿರ ಕೊಡಿ. ಮೂವತ್ತು ಪೆಟ್ಟಿಗೆ ಬಿಟ್ಟು ಬೇಗ ಹೊರಡು ಅಂತೀರಿ, ಹಣ್ಣು ಹಾಳಾದ್ರೆ ಯಾರು ಕೊಡ್ತಾರೆ?"

ಐದು ಅಂದಳು, ಹದಿನೇಳು ಅಂದ. ಏಳು ಅಂದಳು, ಹದಿನಾರಕ್ಕೆ ಬಂದು ನೆಟ್ಟಗೆ ನಿಂತುಬಿಟ್ಟ. ಸುತ್ತಲಿನ ಅಂಗಡಿಯವರು ಕಿವಿ ಇತ್ತ ತಿರುಗಿಸಿದ್ದರು. ಆಗ ಬುರುಲ್, ಆ ನಾಡಿನಲ್ಲಿ ಬೇರೆಲ್ಲ ದಾರಿ ಮುಚ್ಚಿದಾಗ ಎಲ್ಲರೂ ಮಾಡುವುದನ್ನೇ ಮಾಡಿದಳು. ಕುಲ ಕೇಳಿದಳು. ಎಲ್ಲೋ ಒಂದು ಕಡೆ ರಕ್ತ ಸೇರಿದರೆ ಸಂಬಂಧಿಕನ ಹತ್ತಿರ ಬಾಡಿಗೆ ಕೇಳಲು ಅವನ ನಾಲಿಗೆ ಏಳಲಾರದು ಎಂಬುದು ಅವಳ ಲೆಕ್ಕ.

"ಯಾರ ಪೈಕಿ ನೀನು ತಮ್ಮಾ?"

"ಕಿಪ್ಚಾಕ್."

ಅದು ದಕ್ಷಿಣದವರ ಕುಲ. ಅಲ್ಲಿ ಅವಳಿಗೆ ಹಿಡಿಯಲು ಕೊಂಬೆಯೇ ಇರಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. "ತಾಯಿ?"

"ಅಮ್ಮ ಈ ಕಡೆಯವಳೇ. ಅತ್-ಬಾಶಿ ಊರು. ಚೆರಿಕ್ ಕುಲ."

"ಅಯ್ಯೋ ನನ್ನಪ್ಪಾ!" ಎಂದು ಬುರುಲ್ ಎರಡು ಕೈಯನ್ನೂ ತಟ್ಟಿದಳು. "ನಾನೂ ಚೆರಿಕ್ ಮನೆ ಮಗಳೇ! ನಾನು ನಿನಗೆ ಚಿಕ್ಕಮ್ಮ ಆಗಬೇಕು ಕಣೋ! ಚಿಕ್ಕಮ್ಮನ ಹತ್ತಿರ ಬಾಡಿಗೆ ಕೇಳ್ತೀಯಾ?"

ಜಿಪಾರ್ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. ಕ್ಯಾರೆಟ್ ಮಾರುವವಳು ನಕ್ಕಳು. ಬೆಣ್ಣೆ ಅಂಗಡಿಯ ಮುದುಕ ಟೋಪಿ ತೆಗೆದು ಮಂಡಿಗೆ ಬಡಿದುಕೊಂಡು ಕೂಗಿದ:

"ಕೆಟ್ಟೆ ಬುರುಲ್! ಅವನು ನಿಮ್ಮ ಕುಲದ ಮಗಳ ಮಗ! ಕೇಳೋ ಹಕ್ಕು ಅವನದು, ಕೊಡೋ ಪಾಳಿ ನಿಂದು!"

ಬುರುಲಳ ಮುಖ ಬಿಸಿಯಾಯಿತು. ಇದನ್ನು ಹೇಗೆ ಮರೆತಳು ಅವಳು? ಕುಲದ ಮಗಳ ಮಗ ತಾಯಿಯ ತವರಿನವರೆದುರು ಬಂದು ನಿಂತರೆ, ಅವನು ಬೆರಳು ತೋರಿಸಿದ್ದನ್ನು ಕೊಡಬೇಕು. ಇಲ್ಲ ಅಂದರೆ ಅವಮಾನ ಇಡೀ ಕುಲಕ್ಕೆ. ಮೊದಲ ಸಲ ಬಂದವನಿಗಂತೂ ಕುದುರೆ ಮರಿಗಿಂತ ಕಮ್ಮಿ ಕೊಡುವ ಹಾಗಿಲ್ಲ. ಮರಿಯ ಬೆಲೆ ಮಕ್ಸೂತನ ಬಾಡಿಗೆಗಿಂತ ಹೆಚ್ಚು!

"ಕೇಳೋ ಅಳಿಯಾ, ಕೇಳು!" ಎಂದು ಮುದುಕ ಹುರಿದುಂಬಿಸಿದ. "ಬಿಡಬೇಡ! ನಾವೆಲ್ಲ ಸಾಕ್ಷಿ!"

"ಹಾಗಾದ್ರೆ ಚಿಕ್ಕಮ್ಮಾ," ಎರ್ಗೆಶ್ ಮೀಸೆ ನೇವರಿಸಿದ, "ನಂದೊಂದು ಕುದುರೆ ಮರಿ ಬರಬೇಕಲ್ಲ. ಮೂವತ್ತೆಂಟು ವರ್ಷದಿಂದ ಬಾಕಿ. ಬಡ್ಡಿ ಬೇಡ ಬಿಡಿ."

ಮತ್ತೆ ನಗು. ಬುರುಲ್ ನಗಲಿಲ್ಲ. "ಮೂವತ್ತೆಂಟು ವರ್ಷದಿಂದ ಒಂದು ಸಲವೂ ತಾಯಿಯ ತವರಿಗೆ ಬಂದಿಲ್ಲವಾ ನೀನು? ನಿಮ್ಮಮ್ಮ ಯಾರ ಮಗಳು?"

"ಸಾತಿಬಾಲ್ದಿ ಅಂತ, ಕಮ್ಮಾರ. ಅಮ್ಮನ ಹೆಸರು ಅನಾರ್ಕಾನ್. ನರ್ಸ್ ಆಗಿ ಬತ್ಕೆನ್‌ಗೆ ಬಂದಿದ್ದಳು. ಅಪ್ಪನನ್ನ ಹೇಳದೆ ಕೇಳದೆ ಮದುವೆಯಾದಳು ಅಂತ ಇಲ್ಲಿಯವರಿಗೆ ಸಿಟ್ಟಂತೆ." ಅವನು ಒಂದು ಹಣ್ಣು ಎತ್ತಿ, ಅದರ ಧೂಳು ಒರೆಸಿ, ವಾಪಸ್ಸು ಇಟ್ಟ. "ನಾನು ಹುಟ್ಟಿದಾಗ ಕಾಗದ ಹಾಕಿದ್ದಳು. ಯಾರೂ ಬರಲಿಲ್ಲ. ತೊಟ್ಟಿಲನ್ನ ಅಪ್ಪನೇ ಪೇಟೇಲಿ ಕೊಂಡು ತಂದನಂತೆ. ಹೋದ ವರ್ಷ ತೀರಿಕೊಳ್ಳೋವರೆಗೂ ಅಮ್ಮ ಅದನ್ನ ಹೇಳ್ತಿದ್ದಳು. ನಗ್ತಾನೇ ಹೇಳ್ತಿದ್ದಳು ಅನ್ನಿ."

ಕಮ್ಮಾರ ಸಾತಿಬಾಲ್ದಿ ಬುರುಲಳ ತಂದೆಗೆ ದಾಯಾದಿ. ಆ ಕಾಗದ ಬಂದ ದಿನ ಅವಳಿಗೆ ಇಪ್ಪತ್ತು ವರ್ಷ. ತವರಿನಲ್ಲೇ ಇದ್ದಳು. ಹಿರಿಯರೆಲ್ಲ ಸುತ್ತ ಕೂತು ಕಾಗದ ಓದಿಸಿದ್ದು, ಅಷ್ಟು ದೂರ ಯಾರು ಹೋಗುತ್ತಾರೆ, ಗಾಡಿ ಬಾಡಿಗೆ ಯಾರು ಕೊಡುತ್ತಾರೆ ಎಂದು ಒಬ್ಬೊಬ್ಬರೇ ಜಾರಿಕೊಂಡದ್ದು, ತಾನು ಬಟ್ಟಲುಗಳಿಗೆ ಚಹಾ ಬಗ್ಗಿಸುತ್ತಾ ಅದನ್ನೆಲ್ಲ ಕೇಳಿಸಿಕೊಂಡದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಸಿಟ್ಟಿನ ಮಾತು ಯಾರೂ ಆಡಿರಲಿಲ್ಲ. ಬಾಡಿಗೆಯ ಮಾತನ್ನಷ್ಟೇ ಆಡಿದ್ದರು.

ಅವಳು ಕೈಚೀಲವನ್ನು ತೋಳಿಗೇರಿಸಿಕೊಂಡು ನೆಟ್ಟಗೆ ನಿಂತಳು.

"ಕೇಳೋ ಎರ್ಗೆಶ್. ಕುದುರೆ ಮರಿ ನಿಂದು."

ನಗು ನಿಂತಿತು. ಜಿಪಾರ್ ಅವಳ ತೋಳು ಹಿಡಿದೆಳೆದಳು. "ತಲೆ ಕೆಟ್ಟಿದೆಯೇನೇ? ನಿನ್ನ ಗಂಡ ಏನಂತಾನೆ?"

"ಅವನ ಕುದುರೆ ಅಲ್ಲ. ನನ್ನ ಮದುವೇಲಿ ಅಪ್ಪ ಕೊಟ್ಟ ಹೆಣ್ಣು ಕುದುರೆಯ ಸಂತಾನ. ಈ ವಸಂತದಲ್ಲಿ ಮರಿ ಹಾಕಿದೆ, ಹಣೆ ಮೇಲೆ ಬಿಳಿ ಬೊಟ್ಟು. ಚೆರಿಕ್ ಮನೆಯ ಕುದುರೆ ಚೆರಿಕ್ ಮಗಳ ಮಗನಿಗೆ ಹೋಗತ್ತೆ. ಅದಕ್ಕೆ ಯಾರನ್ನ ಕೇಳಬೇಕು ನಾನು?" ಮತ್ತೆ ಎರ್ಗೆಶ್ ಕಡೆ ತಿರುಗಿದಳು. "ಹಾಲು ಬಿಡೋವರೆಗೆ ತಾಯಿ ಜೊತೆ ಇರಲಿ. ಶರತ್ಕಾಲದಲ್ಲಿ ನೀನು ಮನೆಗೆ ಬಂದು, ಕೂತು, ಉಂಡು ಹೊಡಕೊಂಡು ಹೋಗು. ಆದ್ರೆ ಮಗಾ, ಮರಿ ಇಸಕೊಂಡ ಮೇಲೆ ನೀನು ನನ್ನ ಮನೆಯವನು. ಮನೆಯವನು ಚಿಕ್ಕಮ್ಮನ ಹತ್ತಿರ ಬಾಡಿಗೆ ತಗೋತಾನಾ?"

ಎರ್ಗೆಶ್ ಮೀಸೆಯಿಂದ ಕೈ ತೆಗೆದ. "ನಾನು ತಮಾಷೆಗೆ ಅಂದೆ ಚಿಕ್ಕಮ್ಮ…"

"ನಾನು ತಮಾಷೆಗೆ ಅನ್ನಲಿಲ್ಲ. ಡೀಸೆಲ್ ನಂದು. ಹೊರಡೋದು ನಾಳೆ ಬೆಳಿಗ್ಗೆ."

"ನಾಳೆ ಹೇಗಾಗತ್ತೆ? ಮೂವತ್ತು ಪೆಟ್ಟಿಗೆ…"

"ಜಿಪಾರ್, ಉಳಿದ ಐದು ಜನಕ್ಕೂ ಫೋನ್ ಮಾಡು. ತಕ್ಕಡಿ ಇದ್ದವರು ತಕ್ಕಡಿ ತರಲಿ."

ಆ ಮಧ್ಯಾಹ್ನ ನಾರಿನ್ ಪೇಟೆ ಕಂಡ ವ್ಯಾಪಾರವೇ ಬೇರೆ. ಏಳು ಹೆಂಗಸರು ಏಳು ದಿಕ್ಕಿಗೆ ಪೆಟ್ಟಿಗೆ ಹೊತ್ತರು. ಒಬ್ಬಳು ಆಸ್ಪತ್ರೆಯ ಬಾಗಿಲಲ್ಲಿ ಕೂತಳು, ಇನ್ನೊಬ್ಬಳು ಬಸ್ಸಿನ ಕಿಟಕಿಗಳಿಗೆ ಕೈ ಚಾಚಿದಳು. ಬುರುಲ್ ಸೀದಾ ತನ್ನ ಹಳೆಯ ವಸತಿಶಾಲೆಯ ಅಡುಗೆಮನೆಗೆ ಹೋಗಿ, ಈಗಿನ ಅಡುಗೆಯವಳ ಎದುರು ನಿಂತು, ಬೇಸಿಗೆ ಶಿಬಿರದ ಮಕ್ಕಳಿಗೆ ಹಣ್ಣಿನ ನೀರು ಕಾಯಿಸಲು ಇದಕ್ಕಿಂತ ಒಳ್ಳೆಯ ಹಣ್ಣು ಹುಟ್ಟೇ ಇಲ್ಲ ಎಂದು ಒಪ್ಪಿಸಿ ಎಂಟು ಪೆಟ್ಟಿಗೆ ಇಳಿಸಿ ಬಂದಳು. ಜಿಪಾರ್ ನೇರ ಬಾಡಿಗೆ ಗಾಡಿಗಳ ಬಯಲಿಗೆ ನಡೆದಳು.

"ಮಕ್ಸೂತ್, ಎರಡು ಪೆಟ್ಟಿಗೆ ತಗೋ. ಬೀಜ ತಿಂದೂ ತಿಂದೂ ನಿನ್ನ ಬಾಯಿ ಒಣಗಿದೆ."

"ಗಾಡಿ ಸಿಕ್ತಾ ಅತ್ತಿಗೆ?"

"ಸಿಕ್ತು. ಬಾಡಿಗೆ ಇಲ್ಲ."

"ಸುಮ್ನೆ ಯಾರು ಬರ್ತಾರೆ?"

"ಸುಮ್ನೆ ಅಲ್ಲ. ನಿನಗಿಂತ ದುಬಾರಿ." ಅವಳು ಅಷ್ಟೇ ಹೇಳಿ ದುಡ್ಡಿಗೆ ಕೈ ಒಡ್ಡಿದಳು. ಮಕ್ಸೂತ್ ತಲೆ ಕೆರೆದುಕೊಳ್ಳುತ್ತಲೇ ಎರಡು ಪೆಟ್ಟಿಗೆ ಕೊಂಡ.

ಸಂಜೆಯ ಹೊತ್ತಿಗೆ ಎರಡೇ ಪೆಟ್ಟಿಗೆ ಉಳಿದವು, ಅವು ದಾರಿಗೆ ಬೇಕು ಎಂದು ಇಟ್ಟುಕೊಂಡದ್ದು. ಎರ್ಗೆಶ್ ಖಾಲಿ ವ್ಯಾನಿನ ಎದುರು ನಿಂತು, "ಮುಂದಿನ ವಾರ ಮತ್ತೆ ಹಣ್ಣು ತರ್ತೀನಿ ಚಿಕ್ಕಮ್ಮ. ನೀವೇ ಮಾರಿಕೊಡಿ," ಅಂದ. "ಅದಕ್ಕೆ ಕೂಲಿ ಇರತ್ತೆ," ಅಂದಳು ಜಿಪಾರ್.

ರಾತ್ರಿ ಬುರುಲ್ ಗಂಡನಿಗೆ ಫೋನು ಹಚ್ಚಿದಳು. ಅವನು ಎಲ್ಲ ಕೇಳಿಸಿಕೊಂಡ. "ಬಿಳಿ ಬೊಟ್ಟಿನದಾ?" ಅಂದ. ಹೌದು ಅಂದಳು. "ಒಳ್ಳೆ ಮರಿ," ಅಂದ. ಆಮೇಲೆ "ಹಗ್ಗ ಹೊಸದು ಕೊಡು ಅವನಿಗೆ," ಎಂದು ಫೋನು ಇಟ್ಟ.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಹೊರಟರು. ಕಜರ್ಮನ್ ಊರಿನ ಮೇಲೆ ಹಾದು ಹೋಗುವ ಘಾಟಿ ದಾರಿ, ಬರೀ ಕಲ್ಲು. ಜಿಪಾರ್ ಏಳು ಹಾಸಿಗೆಗಳ ಮೇಲೆ ತೊಟ್ಟಿಲಿನ ಪಕ್ಕ ರಾಣಿಯ ಹಾಗೆ ಕೂತಿದ್ದಳು. ಒಂದೊಂದು ತಿರುವಿಗೂ ಅತ್ತಿಂದಿತ್ತ ಉರುಳುತ್ತಾ, ಎರ್ಗೆಶ್‌ನ ಅಪ್ಪನ ಕುಲವನ್ನು ಏಳು ತಲೆಮಾರಿನವರೆಗೂ ಬೈದಳು. ತಾಯಿಯ ಕಡೆಯನ್ನು ಮಾತ್ರ ಬಿಟ್ಟಳು. ಆ ಕಡೆ ಕೂತಿದ್ದವಳು ಬುರುಲ್ ಅಲ್ಲವೇ. ಘಾಟಿಯ ನೆತ್ತಿಯಲ್ಲಿ ಇಳಿದು ಬ್ರೆಡ್ಡು, ತಣ್ಣನೆಯ ಮಾಂಸ, ಹಣ್ಣು ತಿಂದರು. ರಾತ್ರಿ ಜಲಾಲಾಬಾದಿನಲ್ಲಿ ಎರ್ಗೆಶ್‌ಗೆ ಗೊತ್ತಿದ್ದವರ ಚಹಾದಂಗಡಿಯ ಜಗಲಿಯಲ್ಲಿ ಮಲಗಿದ್ದಕ್ಕೆ ಯಾರೂ ದುಡ್ಡು ಕೇಳಲಿಲ್ಲ.

ಶನಿವಾರ ಮಧ್ಯಾಹ್ನ, ಊರು ಇನ್ನೂ ಅರ್ಧ ಗಂಟೆ ಇದೆ ಎನ್ನುವಾಗ, ಎರ್ಗೆಶ್ ವ್ಯಾನು ನಿಧಾನ ಮಾಡಿದ. ಬಲಗಡೆ ಬೋಳು ಗುಡ್ಡದ ಮೇಲೆ ಸಮಾಧಿಗಳಿದ್ದವು. "ಅಮ್ಮ ಅಲ್ಲಿದ್ದಾಳೆ," ಅಂದ. "ನಿಮಗೆ ತಡ ಆಗತ್ತೆ. ಸುಮ್ನೆ ತೋರಿಸಿದೆ ಅಷ್ಟೇ."

"ನಿಲ್ಲಿಸು," ಅಂದಳು ಬುರುಲ್.

ಏಳೂ ಜನ ಇಳಿದರು. ಜಿಪಾರ್ ಕೂಡ ಬೈಯದೆ ಇಳಿದಳು. ತಲೆಯ ಬಟ್ಟೆ ಸರಿಪಡಿಸಿಕೊಂಡು, ಗುಡ್ಡ ಹತ್ತಿ, ಮಂಡಿಯೂರಿ ಅಂಗೈ ತೆರೆದರು. ಬುರುಲ್ ಪ್ರಾರ್ಥನೆ ಹೇಳಿದಳು. ಮುಗಿದ ಮೇಲೆ ಮುಖಕ್ಕೆ ಕೈ ಸವರಿಕೊಂಡು, ಮಣ್ಣಿಗೇ ಹೇಳಿದ ಹಾಗೆ, "ತಡವಾಯ್ತು ಅನಾರ್ಕಾನಕ್ಕ. ಬಂದಿದ್ದೀವಿ," ಅಂದಳು. ಎರ್ಗೆಶ್ ವ್ಯಾನಿನ ಹತ್ತಿರವೇ ನಿಂತು, ಬೇಕಿಲ್ಲದಿದ್ದರೂ ಗಾಜು ಒರೆಸುತ್ತಿದ್ದ.

ಬೀಗರ ಮನೆಯ ಗೇಟು ತೆರೆದೇ ಇತ್ತು. ಅಂಗಳದಲ್ಲಿ ಅಡುಗೆಗೆ ಕ್ಯಾರೆಟ್ ಹೆಚ್ಚುತ್ತಾ ಕೂತಿದ್ದ ಹೆಂಗಸರು ತಲೆ ಎತ್ತಿದರು. ನೀಲಿ ವ್ಯಾನಿನ ಬಾಗಿಲು ಸರಿಯಿತು. ಮೊದಲು ಬುರುಲ್ ಇಳಿದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಇನ್ನೊಬ್ಬಳು. ಬಾಗಿಲು ಮುಚ್ಚಲೇ ಇಲ್ಲ. ಶಾರಾಪತಳ ಚಾಕು ಕ್ಯಾರೆಟಿನ ಅರ್ಧದಲ್ಲಿ ನಿಂತಿತ್ತು, ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು. ಕೊನೆಯಲ್ಲಿ ಹಿಂಬಾಗಿಲಿನಿಂದ ತೊಟ್ಟಿಲು ಬಂತು, ಅದರ ಹಿಂದೆ ಕೂದಲೆಲ್ಲ ಕೆದರಿದ ಜಿಪಾರ್ ಬಂದಳು.

ಐಜಿರೆಕ್ ಮಗುವನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಅವಳು ಓಡಿ ಬರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಗದ್ದ ಎತ್ತಿ, ತನ್ನ ಜನ ಅಂಗಳ ದಾಟಿ ತನ್ನ ಕಡೆ ಬರುವುದನ್ನು ಪೂರ್ತಿ ನೋಡಿದಳು. ಅದನ್ನು ಕಂಡು ಬುರುಲಳ ಕಾಲಿನ ನೋವೆಲ್ಲ ಇಳಿದು ಹೋಯಿತು.

ದೊಡ್ಡ ಕೋಣೆಯಲ್ಲಿ ಎಲ್ಲರನ್ನೂ ನೆಲಕ್ಕೆ ಹಾಸಿದ ಊಟದ ಬಟ್ಟೆಯ ಸುತ್ತ ಕೂರಿಸಿದರು. ಎರ್ಗೆಶ್ ಬಾಗಿಲ ಹೊರಗೆ ಬೂಟಿನ ರಾಶಿಯ ಹತ್ತಿರ ನಿಂತಿದ್ದ.

"ಡ್ರೈವರ್‌ಗೆ ಹೊರಗಡೆ ಕೊಡ್ತೀವಿ, ಬೀಗಿತ್ತಿ," ಅಂದಳು ಶಾರಾಪತ್. "ಅವನ ಬಾಡಿಗೆ ಕೊಟ್ಟು ಮುಗಿಸಿದ್ದೀರಾ?"

"ಡ್ರೈವರ್ ಅಲ್ಲ ಅವನು," ಅಂದಳು ಬುರುಲ್. "ನಮ್ಮಕ್ಕನ ಮಗ. ಇಲ್ಲೇ ನಿಮ್ಮ ಪಕ್ಕದ ಊರಿನವನು. ನನ್ನ ಮಗಳಿಗೆ ಅಣ್ಣ."

"ಇಲ್ಲೇ ಅಣ್ಣ ಇದ್ದಾನಾ ಇವಳಿಗೆ? ನಮಗೆ ಗೊತ್ತೇ ಇರಲಿಲ್ಲ!"

"ನಮಗೂ ಗೊತ್ತಿರಲಿಲ್ಲ," ಅಂದಳು ಜಿಪಾರ್. "ಬಾರೋ ಎರ್ಗೆಶ್, ಬೂಟು ಬಿಚ್ಚು. ಮೇಲಿನ ಸಾಲಿಗೆ ಬಂದು ಕೂತ್ಕೋ."

ಅವನು ಬೂಟು ಬಿಚ್ಚಿ, ಬುರುಲಳ ಪಕ್ಕ ಕೂತು, ಕಾಲುಚೀಲದ ತೂತು ಕಾಣದ ಹಾಗೆ ಕಾಲು ಮಡಿಸಿಕೊಂಡ.

ಊಟಕ್ಕೆ ಮುಂಚೆ ಕೈ ತೊಳೆಸಲು ಶಾರಾಪತ್ ತಾನೇ ಹೂಜಿ ಎತ್ತಿಕೊಂಡಳು. ಜಿಪಾರಳಿಂದ ಶುರು ಮಾಡಿ ಒಬ್ಬೊಬ್ಬರ ಕೈಗೂ ಮೂರು ಸಲ ಬಿಸಿನೀರು ಹುಯ್ಯುತ್ತಾ ಬಂದಳು. ಬುರುಲಳ ಕೈಗೆ ಹುಯ್ದು ಮುಗಿಸುವ ಹೊತ್ತಿಗೆ ಹೂಜಿ ಬರಿದಾಯಿತು. ಎರ್ಗೆಶ್ ಚಾಚಿದ ಕೈಯನ್ನು ಹಿಂದೆಳೆದುಕೊಳ್ಳಲು ಹೋದ. ಶಾರಾಪತ್ ಹಾಗೇ ಇರು ಎಂದು ಕಣ್ಣಿನಲ್ಲೇ ಸನ್ನೆ ಮಾಡಿ, ನೀರು ತುಂಬಿಕೊಂಡು ಬರಲು ಒಳಗೆ ಹೋದಳು.